ಎಂಟು ಗಂಟೆ ಒಂದು ನಿಮಿಷ

ಓವನ್ ಮಾಮ ಮೂವತ್ತೊಂದು ವರ್ಷ ಒಂದೇ ಕೋಣೆಯಲ್ಲಿ, ಒಂದೇ ಸ್ಟೂಲಿನ ಮೇಲೆ ಕೂತು, ಒಂದೇ ಕೆಲಸ ಮಾಡಿದರು: ಪುಡಿ ಒಣಗಿಸುವುದು. ಕೇಳಿದವರು "ಇಷ್ಟೇನಾ?" ಅನ್ನುತ್ತಾರೆ. ಇಷ್ಟೇ. ಒಣಗಿಸುವುದು ಸುಲಭ ಅಂದುಕೊಂಡವರು ಒಂದು ಸಲ ಬಟ್ಟೆ ಹರವಿ ಮೋಡ ನೋಡುತ್ತ ಕೂತುಕೊಳ್ಳಲಿ, ಆಮೇಲೆ ಮಾತಾಡೋಣ.

ಆ ಕೋಣೆ ಇದ್ದದ್ದು ಒಂದು ರಸಾಯನಶಾಸ್ತ್ರ ಸಂಶೋಧನಾಲಯದ ಕೆಳ ಅಂತಸ್ತಿನಲ್ಲಿ, ಮೆಟ್ಟಿಲ ಬುಡಕ್ಕೆ. ಅಗಲ ನಾಲ್ಕು ಹೆಜ್ಜೆ, ಉದ್ದ ಆರು. ಗೋಡೆಗೆ ಒತ್ತಿಕೊಂಡು ಮೂರು ಓವನ್. ಅವುಗಳ ಎದುರು ಊಟದ ತಟ್ಟೆ ನಾಲ್ಕು ಇಟ್ಟರೆ ತುಂಬಿಹೋಗುವಂಥ ಒಂದು ಮೇಜು. ಮೇಜಿನ ಪಕ್ಕದ ಕಪಾಟಿನಲ್ಲಿ ದಪ್ಪ ಗಾಜಿನ ಜಾಡಿಗಳು. ಅವುಗಳ ತಳದಲ್ಲಿ ಗಾಳಿಯ ತೇವವನ್ನೆಲ್ಲ ಹೀರಿಕೊಳ್ಳುವ ನೀಲಿ ಹರಳು. ಗೋಡೆಯ ಮೇಲೆ ಗಡಿಯಾರ, ಗಡಿಯಾರದ ಕೆಳಗೆ ಚೌಕಟ್ಟು ಹಾಕಿಸಿದ ನಿಯಮ: ಓವನ್‌ನಿಂದ ತೆಗೆದ ಪುಡಿಯನ್ನು ತಕ್ಷಣವೇ ಜಾಡಿಗೆ ಸೇರಿಸತಕ್ಕದ್ದು, ತೆಗೆದ ವೇಳೆ, ಸೇರಿಸಿದ ವೇಳೆ ಎರಡನ್ನೂ ರಿಜಿಸ್ಟರಿನಲ್ಲಿ ನಮೂದಿಸತಕ್ಕದ್ದು.

ಸೇರಿದ ಮೊದಲ ತಿಂಗಳು ಮಾಮ ಈ ನಿಯಮವನ್ನು ಚಾಚೂ ತಪ್ಪದೆ ಪಾಲಿಸಿದರು. ನೂರೈವತ್ತು ಡಿಗ್ರಿ ಬಿಸಿಯ ಪಿಂಗಾಣಿ ಬಟ್ಟಲನ್ನು ಇಕ್ಕಳದಲ್ಲಿ ಹಿಡಿದು ನೇರವಾಗಿ ಜಾಡಿಯೊಳಗಿಟ್ಟು ಮುಚ್ಚಳ ಮುಚ್ಚುತ್ತಿದ್ದರು. ಒಂದು ದಿನ ಜಾಡಿ ಫಟ್ ಅಂತ ಬಿರಿಯಿತು. ಆಗಿನ ಮೇಲ್ವಿಚಾರಕರು ಓಡಿ ಬಂದು, "ಬಿಸೀದನ್ನ ಹಾಗೇ ಇಟ್ಟುಬಿಟ್ಯೇನಯ್ಯಾ? ತಲೇಲಿ ಏನಿದೆ ನಿಂಗೆ?" ಎಂದು ಮೂರು ಅಂತಸ್ತಿಗೂ ಕೇಳುವಂತೆ ಬೈದರು. ನಿಯಮ ಬರೆದವರೂ ಅವರೇ, ಬೈದವರೂ ಅವರೇ. ಕ್ಷಮಾಪಣೆ ಪತ್ರ ಬರೆದುಕೊಟ್ಟದ್ದು ಮಾತ್ರ ಮಾಮ.

ಮರುದಿನದಿಂದ ಮಾಮ ಬಟ್ಟಲನ್ನು ಮೇಜಿನ ಮೇಲೆ ಆರಲು ಬಿಡತೊಡಗಿದರು. ಆರುವ ತನಕ ಸುಮ್ಮನೆ ಕೂರುವುದು ಹೇಗೆ? ಮನೆಯಿಂದ ಒಂದು ಹಳೆಯ ಕೆಟಲ್ ಬಂತು. ಅದರ ಮುಚ್ಚಳ ಯಾವ ಕಾಲದಲ್ಲೋ ಕಳೆದುಹೋಗಿತ್ತು. ನೀರು ಕುದಿಯುವಾಗ ಆವಿ ಮೇಜನ್ನೆಲ್ಲ ಸವರಿಕೊಂಡು ಮೇಲೇಳುತ್ತಿತ್ತು. ಲ್ಯಾಬಿನೊಳಗೆ ತಿನ್ನುವುದು ಕುಡಿಯುವುದು ನಿಷಿದ್ಧವಾದ್ದರಿಂದ ಟೀ ಪುಡಿ, ಸಕ್ಕರೆ ಡಬ್ಬಿಗಳನ್ನು ಅವರು "ವಿಷ" ಎಂದು ಬರೆದಿದ್ದ ಡ್ರಾಯರಿನಲ್ಲಿಟ್ಟರು. ಯಾರೂ ತೆಗೆದು ನೋಡಲಿಲ್ಲ. ಒಂದು ಲೋಟ ಟೀ ಮಾಡಿ, ಊದಿ ಊದಿ ಕುಡಿದು ಮುಗಿಸುವ ಹೊತ್ತಿಗೆ ಬಟ್ಟಲು ಬೆರಳಿಗೆ ತಡೆಯುವಷ್ಟು ಆರಿರುತ್ತಿತ್ತು. ಆಮೇಲೆ ಅದನ್ನು ಜಾಡಿಗೆ ಸೇರಿಸಿ, ರಿಜಿಸ್ಟರ್ ಬಿಡಿಸಿ, ದುಂಡಗಿನ ಅಕ್ಷರದಲ್ಲಿ ಬರೆಯುತ್ತಿದ್ದರು: ತೆಗೆದ ವೇಳೆ ಎಂಟು ಗಂಟೆ, ಸೇರಿಸಿದ ವೇಳೆ ಎಂಟು ಗಂಟೆ ಒಂದು ನಿಮಿಷ. ಹೀಗೆ ಜಾಡಿಯೂ ಉಳಿಯಿತು, ನಿಯಮವೂ ಉಳಿಯಿತು, ಟೀಯೂ ಸಿಕ್ಕಿತು. ಮೂವತ್ತೊಂದು ವರ್ಷದಲ್ಲಿ ಒಂದು ಚಿತ್ತಿಲ್ಲ, ಒಂದು ಕಾಟಿಲ್ಲ. ಸುಳ್ಳು ಹೇಳುವವರು ಅಕ್ಷರ ಕೆಟ್ಟದಾಗಿ ಬರೆಯಬೇಕು ಎಂದು ಎಲ್ಲೂ ಹೇಳಿಲ್ಲವಲ್ಲ.

ಇನ್ನು ಆ ಪುಡಿಯ ವಿಷಯ. ಈ ಸಂಶೋಧನಾಲಯದ ಮುಖ್ಯಸ್ಥರಾದ ಪ್ರೊಫೆಸರ್‌ಗೆ ವಸ್ತುಗಳನ್ನು ಕರಗಿಸಲು ಸುರಿಯುವ ದ್ರಾವಕಗಳನ್ನು ಕಂಡರಾಗದು. ಸಾಮಾನ್ಯವಾಗಿ ಒಂದು ಲೋಟದಷ್ಟು ರಾಸಾಯನಿಕ ಮಾಡಬೇಕಾದರೆ ಹತ್ತು ಲೋಟ ದ್ರಾವಕ ಸುರಿಯಬೇಕು. ಕೆಲಸವಾದ ಮೇಲೆ ಅದನ್ನೆಲ್ಲ ಬೇರ್ಪಡಿಸಿ ಡ್ರಮ್ಮಿಗೆ ತುಂಬಬೇಕು. ಕಟ್ಟಡದ ಹಿಂದೆ ಅಂಥ ಡ್ರಮ್ಮುಗಳು ಸಾಲಾಗಿ ನಿಂತು ಮೂಗು ಸುಡುವ ವಾಸನೆ ಬಿಡುತ್ತಿದ್ದವು. ಇದನ್ನು ನಿಲ್ಲಿಸಿಯೇ ತೀರುತ್ತೇನೆ ಎಂದು ಪ್ರೊಫೆಸರ್ ಹಟ ತೊಟ್ಟಿದ್ದರು. ಅದಕ್ಕೆ ಬೇಕಾದದ್ದು ಒಂದು ಒಳ್ಳೆಯ ವೇಗವರ್ಧಕ, ಅಂದರೆ ತಾನು ಖರ್ಚಾಗದೆ ಬೇರೆಯವರ ಕೈಯಲ್ಲಿ ಬೇಗ ಬೇಗ ಕೆಲಸ ಮಾಡಿಸುವ ವಸ್ತು. ಇಂಥವರು ಮನುಷ್ಯರಲ್ಲೂ ಇದ್ದಾರೆ, ಸಾಮಾನ್ಯವಾಗಿ ಅವರಿಗೆ ದೊಡ್ಡ ಕುರ್ಚಿ ಕೊಟ್ಟಿರುತ್ತಾರೆ.

ಪ್ರೊಫೆಸರ್‌ರ ಕೈಕೆಳಗೆ ಒಬ್ಬ ಸಂಶೋಧಕಿ ನಾಲ್ಕು ವರ್ಷ ಒದ್ದಾಡಿ ಅಂಥದೊಂದು ಪುಡಿ ತಯಾರಿಸಿದಳು. ನೋಡಲು ತಿಳಿ ನೇರಳೆ ಬಣ್ಣ. ಅದರ ಒಂದೊಂದು ಕಣದ ತುಂಬ ಕಣ್ಣಿಗೆ ಕಾಣದ ತೂತುಗಳು. ತೂತುಗಳ ಒಳಗೋಡೆಗೆ ಅಂಟಿಕೊಂಡ, ಅದಕ್ಕಿಂತ ಸಣ್ಣ ಚಿನ್ನದ ನ್ಯಾನೋ ಕಣಗಳು. ಒಂದು ಚಮಚ ಪುಡಿಯ ಒಳಗೋಡೆಗಳನ್ನೆಲ್ಲ ಬಿಡಿಸಿ ಹಾಸಿದರೆ ಆಟದ ಮೈದಾನವೇ ಮುಚ್ಚುತ್ತದೆ ಎಂದು ಅವಳು ಮಾಮನಿಗೆ ವಿವರಿಸಿದಳು.

"ಅಷ್ಟು ದೊಡ್ಡ ಜಾಗ ಗುಡಿಸೋರು ಯಾರು ತಾಯಿ?" ಅಂದರು ಮಾಮ.

"ನೀವೇ ಮಾಮ. ರಾತ್ರಿಯೆಲ್ಲ ಓವನ್‌ನಲ್ಲಿಟ್ಟು ತೂತಿನೊಳಗಿರೋ ನೀರನ್ನೆಲ್ಲ ಓಡಿಸ್ತೀರಲ್ಲ, ಅದೇ ಗುಡಿಸೋದು. ಒಂದು ಹನಿ ನೀರೂ ಇರಬಾರದು, ದ್ರಾವಕಾನೂ ಇರಬಾರದು. ಎಲ್ಲಾ ಒಣಾ ಒಣ."

ಈ ಪುಡಿಯನ್ನು ಎಣ್ಣೆಯಂಥ ಒಂದು ದ್ರವಕ್ಕೆ ಬೆರೆಸಿ ಬೆಚ್ಚಗೆ ಕಾಯಿಸುತ್ತ ಗಾಳಿ ಹಾಯಿಸಿದರೆ, ಎರಡು ಗಂಟೆಯಲ್ಲಿ ಆ ಎಣ್ಣೆ ಬಾದಾಮಿ ವಾಸನೆಯ ಬೇರೊಂದು ದ್ರವವಾಗುತ್ತಿತ್ತು. ಸೋಪಿಗೆ, ಅತ್ತರಿಗೆ, ಔಷಧಕ್ಕೆ ಎಲ್ಲಕ್ಕೂ ಬೇಕಾದ ಸರಕು. ನೂರಕ್ಕೆ ತೊಂಬತ್ತನಾಲ್ಕು ಪಾಲು ಇಳುವರಿ. ಹತ್ತೂವರೆ ಹನ್ನೊಂದಕ್ಕೆ ಮೆಟ್ಟಿಲ ಮೇಲಿಂದ ಬಾದಾಮಿ ವಾಸನೆ ಇಳಿದು ಬಂತೆಂದರೆ ಹುಡುಗಿಯ ಕೆಲಸ ಕೈಗೂಡಿತು ಅಂತ ಮಾಮನಿಗೆ ಗೊತ್ತಾಗುತ್ತಿತ್ತು. ಅವಳಿಗೆ ಬಾದಾಮಿ ಎಂದೇ ಹೆಸರಿಟ್ಟರು.

ಮಾಮನ ಹೆಂಡತಿ ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡಿದ್ದವರು. ಅವರ ಸೂಜಿಗಿಂತ ನಾಲಿಗೆ ಚೂಪು. ಚಿನ್ನದ ಸುದ್ದಿ ಕೇಳಿ, "ಚಿನ್ನದ ಜೊತೆ ಕೆಲಸ ಮಾಡ್ತೀರಿ, ನನ್ನ ಕಿವಿ ನೋಡಿದ್ರೆ ಯಾರೂ ನಂಬಲ್ಲ ಬಿಡಿ," ಅಂದರು.

"ಕಣ್ಣಿಗೆ ಕಾಣದ ಚಿನ್ನ ಕಣೇ ಅದು."

"ನೀವು ತಂದುಕೊಟ್ಟಿದ್ದೂ ಅದೇ ಜಾತೀದು. ಮೂವತ್ತು ವರ್ಷದಿಂದ ನಂಗೂ ಕಂಡಿಲ್ಲ."

ಬಾದಾಮಿಯ ಲೇಖನ ಅಚ್ಚಾಯಿತು. ಪ್ರೊಫೆಸರ್‌ರ ಭಾವಚಿತ್ರವಿದ್ದ ದೊಡ್ಡ ಭಿತ್ತಿಪತ್ರ ಪ್ರವೇಶದ್ವಾರದಲ್ಲಿ ನಿಂತಿತು. ಅದರ ಮೇಲೆ "ಒಂದು ಹನಿಯೂ ಇಲ್ಲದೆ!" ಎಂಬ ದಪ್ಪಕ್ಷರ. ಪ್ರೊಫೆಸರ್ ಊರೂರು ಸುತ್ತಿ ಭಾಷಣ ಮಾಡಿದರು. ಹೋದಲ್ಲೆಲ್ಲ ನೀರಿನ ಲೋಟವನ್ನು ಪಕ್ಕಕ್ಕೆ ಸರಿಸಿ "ಒಂದು ಹನಿಯೂ ಇಲ್ಲದೆ" ಅನ್ನುವುದು, ಚಪ್ಪಾಳೆ ನಿಂತ ಮೇಲೆ ಅದೇ ಲೋಟ ಎತ್ತಿ ಗಟಗಟ ಕುಡಿಯುವುದು ಅವರ ರೂಢಿಯಾಯಿತು.

ಆಮೇಲೆ ಕಾಗದಗಳು ಬರತೊಡಗಿದವು. ಬೇರೆ ಲ್ಯಾಬಿನವರು ಲೇಖನದಲ್ಲಿದ್ದ ಹಾಗೇ ಪುಡಿ ಮಾಡಿ, ಹಾಗೇ ಒಣಗಿಸಿ, ಹಾಗೇ ಜಾಡಿಗಿಟ್ಟು ನೋಡಿದ್ದರು. ಅವರಿಗೆ ಬಂದದ್ದು ಹನ್ನೊಂದು ಪಾಲು. ಒಬ್ಬರಿಗಲ್ಲ, ಐದು ಕಡೆಯವರಿಗೆ. ಐದನೆಯವರು ತಮ್ಮ ಕಾಗದದಲ್ಲಿ ವಿನಯವಾಗಿ ಒಂದು ಪ್ರಶ್ನೆ ಕೇಳಿದ್ದರು: ಈ ತೊಂಬತ್ತನಾಲ್ಕು ಎಂಬ ಅಂಕಿಯನ್ನು ಕೊಳವೆಯಿಂದ ತೆಗೆದದ್ದೋ, ಪೆನ್ನಿನಿಂದ ತೆಗೆದದ್ದೋ?

ಇಂಥ ಹೊತ್ತಿನಲ್ಲಿ ದೊಡ್ಡವರು ಹೇಗೆ ಸಣ್ಣಗಾಗುತ್ತಾರೆ ಎಂಬುದನ್ನು ನೋಡಬೇಕಾದರೆ ನಮ್ಮ ಪ್ರೊಫೆಸರನ್ನು ನೋಡಬೇಕಿತ್ತು. ನಿನ್ನೆಯವರೆಗೆ "ನನ್ನ ಪುಡಿ" ಆಗಿದ್ದದ್ದು ಒಂದೇ ಬೆಳಗ್ಗೆ "ಆ ಹುಡುಗಿಯ ಪುಡಿ" ಆಯಿತು. "ನಾನು ವಿಚಾರ ಕೊಟ್ಟವನು. ಅಂಕಿ ಬರೆದದ್ದು ಅವಳು," ಎಂದರು. ವಿಚಾರಣಾ ಸಮಿತಿ ನೇಮಕವಾಯಿತು. ಬಾದಾಮಿಯ ಡಿಗ್ರಿಯನ್ನು ತಡೆಹಿಡಿದರು. ಸುಳ್ಳು ಅಂಕಿ ಬರೆದವಳು ಎಂಬ ಮಾತು ಒಮ್ಮೆ ಸಾಬೀತಾದರೆ ಇನ್ನು ಯಾವ ಲ್ಯಾಬಿನವರೂ ಅವಳನ್ನು ಬಾಗಿಲೊಳಗೆ ಸೇರಿಸುವುದಿಲ್ಲ. ನಾಲ್ಕು ವರ್ಷದ ದುಡಿಮೆ ಮಾತ್ರ ಹೋಗುವುದಲ್ಲ, ಮುಂದಿನ ನಲವತ್ತೂ ಹೋಗುತ್ತದೆ.

ಇದೇ ಸಮಯದಲ್ಲಿ ಮಾಮನ ನಿವೃತ್ತಿಗೆ ಇಪ್ಪತ್ತು ದಿನ ಉಳಿದಿತ್ತು. ಸಂಶೋಧನಾಲಯ ಅವರಿಗೊಂದು ಪ್ರಶಂಸಾ ಪತ್ರ ಕೊಡಲು ನಿರ್ಧರಿಸಿತು. ಕರಡನ್ನು ಪ್ರೊಫೆಸರೇ ಬರೆದಿದ್ದರು: "ಮೂವತ್ತೊಂದು ವರ್ಷ ಒಂದು ನಿಮಿಷವೂ ಹೆಚ್ಚುಕಮ್ಮಿಯಾಗದಂತೆ ನಿಯಮ ಪಾಲಿಸಿದ ಅಪೂರ್ವ ನೌಕರ." ಮಾಮ ಅದನ್ನು ನಾಲ್ಕು ಸಲ ಓದಿದರು. ನಾಲ್ಕನೇ ಸಲ ಓದುವಾಗ ಅವರಿಗೇ ಅದು ನಿಜ ಅನ್ನಿಸಿತು.

ಸಮಿತಿಯಲ್ಲಿ ಮೂವರು. ಕನ್ನಡಕವನ್ನು ಸರಪಣಿಯಲ್ಲಿ ಕೊರಳಿಗೆ ನೇತುಹಾಕಿಕೊಂಡ ಒಬ್ಬ ಅಧ್ಯಕ್ಷೆ, ಎಲ್ಲವನ್ನೂ ಬರೆದುಕೊಳ್ಳುವ ಒಬ್ಬ ಸದಸ್ಯ, ಏನನ್ನೂ ಬರೆದುಕೊಳ್ಳದೆ ತೂಕಡಿಸುವ ಇನ್ನೊಬ್ಬ ಸದಸ್ಯ. ಅವರು ಬೆಳಗ್ಗೆ ಏಳೂವರೆಗೇ ಬಂದು ಮಾಮನ ಕೋಣೆಯಲ್ಲಿ ನಿಂತರು. ಮಾಮ ಕೆಟಲನ್ನು ಹಿಂದಿನ ದಿನವೇ "ವಿಷ"ದ ಡ್ರಾಯರಿಗೆ ತಳ್ಳಿದ್ದರು. ಸರಿಯಾಗಿ ಎಂಟಕ್ಕೆ ಅಧ್ಯಕ್ಷೆಯೇ ಕೈಗವಸು ತೊಟ್ಟು ಬಟ್ಟಲು ತೆಗೆದು, ನಿಯಮದಂತೆ ತಕ್ಷಣ ಜಾಡಿಗೆ ಸೇರಿಸಿದರು. ಈಗಿನ ಜಾಡಿಗಳು ಗಟ್ಟಿ ಗಾಜಿನವು, ಬಿರಿಯಲೂ ಇಲ್ಲ. ರಿಜಿಸ್ಟರಿನಲ್ಲಿ ಎಂಟು ಗಂಟೆ ಒಂದು ನಿಮಿಷ ಎಂದು ಬರೆದರು. ಜಾಡಿ ಬಿರಿದ ದಿನದಿಂದ ಈಚೆಗೆ ಆ ಅಂಕಿ ನಿಜವಾದದ್ದು ಅದೇ ಮೊದಲು.

ಅಂದು ಬಾದಾಮಿ ವಾಸನೆ ಇಳಿದು ಬರಲಿಲ್ಲ. ಹನ್ನೊಂದೂವರೆಗೆ ಬಾದಾಮಿಯೇ ಇಳಿದು ಬಂದು ಮೆಟ್ಟಿಲ ಮೇಲೆ ಕೂತಳು.

"ಎಷ್ಟು ಬಂತು?" ಅಂದರು ಮಾಮ.

"ಹನ್ನೊಂದು." ಅವಳ ಕಣ್ಣಲ್ಲಿ ನೀರಿರಲಿಲ್ಲ, ಮುಖ ಬಿಳಿಚಿಕೊಂಡಿತ್ತು. "ನಾನು ಸುಳ್ಳು ಬರೆದಿಲ್ಲ ಮಾಮ. ನೂರು ಸಲ ಮಾಡಿದೀನಿ. ಈಗ ನಂಗೇ ಅನುಮಾನ ಬರ್ತಾ ಇದೆ, ನಾನೇ ಏನಾದ್ರೂ ಭ್ರಮೆ ಪಟ್ಟೆನಾ ಅಂತ."

ಮಾಮನಿಗೆ ಏನೂ ಹೊಳೆಯಲಿಲ್ಲ. ಹುಡುಗಿ ಪಾಪ, ಗ್ರಹಚಾರ ಸರಿಯಿಲ್ಲ ಅಂದುಕೊಂಡರು. ಸಮಿತಿ ಇನ್ನೊಂದೇ ಅವಕಾಶ ಕೊಟ್ಟಿತ್ತು, ಸೋಮವಾರ ಬೆಳಗ್ಗೆ.

ಭಾನುವಾರ ಮಧ್ಯಾಹ್ನ ಮಾಮ ಅಡುಗೆಮನೆಯಲ್ಲಿ ಬಿಸ್ಕೆಟ್ ಡಬ್ಬ ತೆರೆದು ಒಂದನ್ನು ಬಾಯಿಗಿಟ್ಟು ಮುಖ ಹಿಂಡಿದರು. "ಥೂ, ಮೆತ್ತಗಾಗಿದ್ಯಲ್ಲೇ!"

ಹೆಂಡತಿ ಹೊಲಿಗೆ ನಿಲ್ಲಿಸದೆಯೇ ಕೂಗಿದರು. "ಮುಚ್ಚಳ ಹಾಕದೆ ಟೀ ಕುದಿಯೋ ಪಕ್ಕದಲ್ಲಿ ಇಟ್ಟೋರು ಯಾರು? ಆ ಹಬೆಯೆಲ್ಲ ಕುಡ್ಕೊಂಡು ಇನ್ನೇನು ಗರಿಗರಿ ಇರುತ್ತಾ?"

ಬಾಯಲ್ಲಿದ್ದ ಬಿಸ್ಕೆಟ್ ಬಾಯಲ್ಲೇ ಉಳಿಯಿತು. ಆಟದ ಮೈದಾನದಷ್ಟು ಒಳಗೋಡೆ. ರಾತ್ರಿಯೆಲ್ಲ ಒಣಗಿ ಬಾಯಾರಿದ ತೂತುಗಳು. ಒಂದು ಗೇಣು ದೂರದಲ್ಲಿ ಮುಚ್ಚಳವಿಲ್ಲದ ಕೆಟಲ್. ಮಾಮ ನಿಂತಲ್ಲೇ ಲೆಕ್ಕ ಹಾಕಿದರು. ಬಾದಾಮಿಯ ನೂರು ಸಲದಲ್ಲೂ ಆ ಪುಡಿ ಅವರ ಜೊತೆ ಟೀ ಕುಡಿದಿತ್ತು. ಐದು ಕಡೆಯವರು ನಿಯಮ ಪಾಲಿಸಿದರು, ಅದಕ್ಕೇ ಅವರಿಗೆ ಹನ್ನೊಂದು.

ವಿಷಯ ಕೇಳಿ ಹೆಂಡತಿ ಕತ್ತರಿ ಕೆಳಗಿಟ್ಟರು. "ನಾಳೆ ಹೋಗಿ ಹೇಳಿಬಿಡಿ."

"ಏನಂತ ಹೇಳ್ಲಿ? ಮೂವತ್ತೊಂದು ವರ್ಷ ಸುಳ್ಳು ಬರೆದೆ ಅಂತಾನಾ? ಅಲ್ಲಿ ನಂಗೆ ಪ್ರಶಂಸಾ ಪತ್ರ ಅಚ್ಚಾಗ್ತಾ ಇದೆ."

"ಓಹೋ. ಹಾಗಾದ್ರೆ ಆ ಹುಡುಗಿ ಹಣೆಬರಹ ಕೆಟ್ಟರೂ ಪರವಾಗಿಲ್ಲ, ನಿಮ್ಮ ಗೋಡೆಗೆ ಒಂದು ಚೌಕಟ್ಟು ಆಗ್ಬೇಕು."

ಮಾಮನಿಗೆ ಸಿಟ್ಟು ಬಂತು. ಸಿಟ್ಟು ಬಂದದ್ದು ಮಾತು ನಿಜವಾಗಿದ್ದರಿಂದ. ಆದರೂ ಅವರು ಒಂದು ಮಧ್ಯದ ದಾರಿ ಹುಡುಕಿದರು. ಸುಳ್ಳು ಒಪ್ಪಿಕೊಳ್ಳದೆಯೇ ಸತ್ಯ ಕೆಲಸ ಮಾಡಿಬಿಟ್ಟರೆ ಆಗದೇ? ಸೋಮವಾರ ಬೆಳಗ್ಗೆ ಸಮಿತಿ ಬಂದಾಗ ಮೇಜಿನ ಮೇಲೆ ಫ್ಲಾಸ್ಕು, ಐದು ಲೋಟ, ಒಂದು ಪೊಟ್ಟಣ ಬಿಸ್ಕೆಟ್ ಸಿದ್ಧವಾಗಿದ್ದವು.

"ಮೇಡಂ, ಬಟ್ಟಲು ತೆಗೆದು ಹಾಗೆ ಮೇಜಿನ ಮೇಲಿಡಿ. ಒಂದು ಗುಟುಕು ಟೀ ಕುಡಿದು ಆಮೇಲೆ ಶುರು ಮಾಡೋಣ," ಅಂದರು ಮಾಮ, ಮದುವೆ ಮನೆಯ ಯಜಮಾನರ ಉತ್ಸಾಹದಲ್ಲಿ.

"ಮೊದಲು ಕೆಲಸ," ಅಂದರು ಅಧ್ಯಕ್ಷೆ.

"ಬಿಸಿ ಇದೆ ಮೇಡಂ, ಆರಿಹೋಗುತ್ತೆ."

"ಲ್ಯಾಬಿನೊಳಗೆ ಟೀ ಕುಡಿಯೋ ಅಭ್ಯಾಸ ಇದ್ಯೇನ್ರೀ ಇಲ್ಲಿ?"

"ಛೆ ಛೆ, ಎಲ್ಲಾದರೂ ಉಂಟೇ ಮೇಡಂ," ಅಂದರು ಮಾಮ. ಬಟ್ಟಲು ಎಂಟು ಒಂದಕ್ಕೆ ಜಾಡಿ ಸೇರಿತು. ತೂಕಡಿಸುವ ಸದಸ್ಯರು ಮಾತ್ರ ಫ್ಲಾಸ್ಕಿನ ಕಡೆ ಒಮ್ಮೆ ಆಸೆಯಿಂದ ನೋಡಿದರು.

ಈ ಸಲ ಹನ್ನೆರಡು ಪಾಲು. ಮಧ್ಯಾಹ್ನ ಮೇಲಿನ ಸಭಾ ಕೋಣೆಗೆ ಬಾದಾಮಿಯನ್ನು ಕರೆದರು. ಮಾಮ ಬಾಗಿಲ ಸಂದಿಯಿಂದ ನೋಡುತ್ತಿದ್ದರು. ಮೇಜಿನ ಮೇಲೆ ಟೈಪು ಮಾಡಿದ ಒಂದು ಹಾಳೆ: ನನ್ನ ಅಂಕಿಗಳಿಗೆ ಆಧಾರವಿಲ್ಲ, ಲೇಖನವನ್ನು ಹಿಂತೆಗೆದುಕೊಳ್ಳುತ್ತೇನೆ. ಪ್ರೊಫೆಸರ್ ತಮ್ಮದೇ ಪೆನ್ನಿನ ಮುಚ್ಚಳ ತೆಗೆದು ಅವಳ ಕಡೆ ಚಾಚಿದರು. ಅಂಥ ಸೌಜನ್ಯ ಅವರು ನಾಲ್ಕು ವರ್ಷದಲ್ಲಿ ತೋರಿಸಿರಲಿಲ್ಲ. ಹುಡುಗಿ ಪೆನ್ನು ತೆಗೆದುಕೊಂಡಳು.

ಮಾಮ ಕೆಳಗೆ ಓಡಿದರು. ಅರವತ್ತರ ಮೊಣಕಾಲಿನಲ್ಲಿ ಎಷ್ಟು ಓಡಬಹುದೋ ಅಷ್ಟು. ರಿಜಿಸ್ಟರನ್ನು ಎದೆಗವಚಿಕೊಂಡು ಮತ್ತೆ ಮೇಲೆ ಬಂದು, ಬಾಗಿಲು ತಟ್ಟದೆಯೇ ಒಳನುಗ್ಗಿ, ಆ ಹಾಳೆಯ ಮೇಲೇ ಅದನ್ನು ಧೊಪ್ಪೆಂದು ಹಾಕಿದರು.

"ಇದ್ರಲ್ಲಿರೋದು ಸುಳ್ಳು ಮೇಡಂ."

"ಯಾವುದ್ರೀ?" ಅಧ್ಯಕ್ಷೆ ಕನ್ನಡಕ ಏರಿಸಿದರು.

"ಎಂಟು ಗಂಟೆ ಒಂದು ನಿಮಿಷ ಅಂತ ಇರೋದೆಲ್ಲ."

ಅವರು ಪುಟ ತಿರುಗಿಸಿದರು. ಮತ್ತೊಂದು ತಿರುಗಿಸಿದರು. "ಎಲ್ಲಾ ಎಂಟು ಒಂದೇ ಇದ್ಯಲ್ರೀ!"

"ಎಲ್ಲಾ ಸುಳ್ಳೇ ಮೇಡಂ. ನೀವು ಬರೆದ ಎರಡು ಬಿಟ್ಟು. ನಾನು ಬಟ್ಟಲು ಮೇಜಿನ ಮೇಲಿಟ್ಟು ಟೀ ಕುಡೀತಿದ್ದೆ. ಪಕ್ಕದಲ್ಲೇ ಕೆಟಲ್, ಮುಚ್ಚಳ ಇಲ್ಲ. ಹಬೆ ಪುಡಿಗೆ ಹೋಗ್ತಿತ್ತು. ಈ ಮಗು ಬರೆದದ್ದು ನಿಜ. ಸುಳ್ಳು ಬರೆದೋನು ನಾನು."

ತೂಕಡಿಸುವ ಸದಸ್ಯರು ಪೂರ್ತಿ ಎಚ್ಚರಗೊಂಡರು. ಪ್ರೊಫೆಸರ್ ಕೆಂಪಗಾಗಿ, "ಏನ್ರೀ ಇದು, ವಿಜ್ಞಾನದಲ್ಲಿ ಟೀ ಎಲ್ಲಿಂದ ಬಂತು?" ಅಂದರು.

"ವಿಷದ ಡ್ರಾಯರಿನಿಂದ ಸರ್," ಅಂದರು ಮಾಮ. ಅವರು ತಮಾಷೆಗೆ ಹೇಳಿರಲಿಲ್ಲ.

ಮೂರನೇ ಪರೀಕ್ಷೆ ಮರುದಿನವೇ ನಡೆಯಿತು. ಅಧ್ಯಕ್ಷೆ ಪಟ್ಟು ಹಿಡಿದರು, ಎಲ್ಲವೂ ದಿನನಿತ್ಯದಂತೆಯೇ ಆಗಬೇಕು. ಕೆಟಲ್ ಹೊರಬಂತು. ಬಟ್ಟಲು ಮೇಜಿನ ಮೇಲೆ ಕೂತಿತು. ನೀರು ಕುದಿಯಿತು. ಬರೆದುಕೊಳ್ಳುವ ಸದಸ್ಯರು ಟೀಗೆ ಸಕ್ಕರೆ ಎಷ್ಟು ಎಂಬುದನ್ನೂ ದಾಖಲಿಸಿದರು. ಮಾಮ ಎಂದಿನಂತೆ ಊದಿ ಊದಿ ಕುಡಿದರು. ಲೋಟ ಕೆಳಗಿಟ್ಟಾಗ ಅಧ್ಯಕ್ಷೆ ಗಡಿಯಾರ ನೋಡಿದರು: ಹದಿಮೂರು ನಿಮಿಷ.

ಹನ್ನೊಂದಕ್ಕೆ ಮಾಮ ಸ್ಟೂಲಿನ ಮೇಲೆ ಕಣ್ಣು ಮುಚ್ಚಿ ಕೂತಿದ್ದರು. ಮೊದಲು ಏನೂ ಇರಲಿಲ್ಲ. ಆಮೇಲೆ ಮೆಟ್ಟಿಲಿಂದ ತೆಳ್ಳಗೆ, ಆಮೇಲೆ ದಟ್ಟವಾಗಿ ಬಾದಾಮಿ ವಾಸನೆ ಇಳಿದು ಬಂತು. ಹಿಂದೆಯೇ ಹುಡುಗಿ ಇಳಿದು ಬಂದು, "ತೊಂಬತ್ತಮೂರು ಮಾಮ!" ಎಂದು ಅವರ ತೋಳು ಹಿಡಿದುಕೊಂಡು ಅತ್ತುಬಿಟ್ಟಳು. "ಒಂದು ಕಮ್ಮಿ ಆಯ್ತಲ್ಲ ತಾಯಿ," ಅಂದರು ಮಾಮ.

ಸಂಜೆಯ ಹೊತ್ತಿಗೆ ಅದು ಮತ್ತೆ ಪ್ರೊಫೆಸರ್‌ರ ಪುಡಿಯಾಗಿತ್ತು. ತೇವಾಂಶದ ಪಾತ್ರದ ಬಗ್ಗೆ ತಮಗೆ ಮೊದಲಿನಿಂದಲೂ ಒಂದು ಗುಮಾನಿ ಇತ್ತು ಎಂದು ಅವರು ಹೇಳಿಕೆ ಕೊಟ್ಟರು. ಹಾಗಾದರೆ ಇದನ್ನು ದ್ರಾವಕರಹಿತ ಅನ್ನಬಹುದೇ ಎಂದು ಅಧ್ಯಕ್ಷೆ ಕೇಳಿದಾಗ, ಅಷ್ಟು ಸ್ವಲ್ಪ ನೀರು ಏನನ್ನೂ ಕರಗಿಸುವುದಿಲ್ಲ, ಕಣಗಳಿಗೆ ಬರೀ ಒತ್ತಾಸೆ ಕೊಡುತ್ತದೆ ಎಂದು ಒಂದು ಗಂಟೆ ವಿವರಿಸಿದರು. ಪ್ರವೇಶದ್ವಾರದ ಭಿತ್ತಿಪತ್ರಕ್ಕೆ ಒಂದು ಚೀಟಿ ಅಂಟಿಸಿದರು. ಈಗ ಅದು "ಹೆಚ್ಚುಕಡಿಮೆ ಒಂದು ಹನಿಯೂ ಇಲ್ಲದೆ!" ಆಯಿತು. ಬಾದಾಮಿಗೆ ಡಿಗ್ರಿ ಕೊಡಬಹುದು, ಆದರೆ ಒಂದು ಷರತ್ತು: ಇದೇ ಕೋಣೆಯಲ್ಲಿ ಹೊಸ ವಿಧಾನದಲ್ಲಿ ತಯಾರಾದ ಪುಡಿಯನ್ನು ಹೊರಗಿನ ಲ್ಯಾಬಿಗೆ ಕಳಿಸಬೇಕು, ಅಲ್ಲಿಯೂ ಅದು ಕೆಲಸ ಮಾಡಬೇಕು.

ನಿವೃತ್ತಿಯ ದಿನ ಮಾಮನಿಗೆ ಎರಡು ಕಾಗದ ಬಂದವು. ಒಂದು ಮೆಮೋ: ಪುಡಿಯನ್ನು ಹದಿಮೂರು ನಿಮಿಷ ಹೊರಗಿಟ್ಟು ನಿಯಮ ಉಲ್ಲಂಘಿಸಿದ್ದಕ್ಕಾಗಿ ತೀವ್ರ ಎಚ್ಚರಿಕೆ, ಪ್ರಶಂಸಾ ಪತ್ರ ರದ್ದು. ಇನ್ನೊಂದು, ಗೋಡೆಗೆ ಹಾಕಲು ಚೌಕಟ್ಟು ಹಾಕಿಸಿದ ಹೊಸ ನಿಯಮ: ಓವನ್‌ನಿಂದ ತೆಗೆದ ಪುಡಿಯನ್ನು ಬಿಸಿನೀರಿನ ಬೋಗುಣಿಯ ಪಕ್ಕದಲ್ಲಿ ಹದಿಮೂರು ನಿಮಿಷ ಹೊರಗಿಡತಕ್ಕದ್ದು. ಎರಡಕ್ಕೂ ಒಂದೇ ತಾರೀಕು, ಒಂದೇ ಸಹಿ. ಮಾಮ ಮೆಮೋವನ್ನು ಮಡಚಿ ಜೇಬಿಗಿಟ್ಟುಕೊಂಡು, ನಿಯಮವನ್ನು ಒರೆಸಿ ಮೊಳೆಗೆ ತಗಲಿಸಿ, ಮನೆಗೆ ಹೋದರು.

"ಅಂತೂ ಗೋಡೆಗೆ ಒಂದು ಚೌಕಟ್ಟು ಆಯ್ತಲ್ಲ," ಅಂದರು ಹೆಂಡತಿ. ಅಂದು ಮಾತ್ರ ಅವರು ಬೇರೇನೂ ಚುಚ್ಚಲಿಲ್ಲ. ಟೀಗೆ ಒಂದು ಚಮಚ ಸಕ್ಕರೆ ಹೆಚ್ಚಿಗೆ ಹಾಕಿದ್ದರು.

ಮೂರು ವಾರ ಕಳೆದು ಬಾದಾಮಿ ಮನೆ ಹುಡುಕಿಕೊಂಡು ಬಂದಳು. ಹೊಲಿಗೆ ಯಂತ್ರದ ಪಕ್ಕದ ಮಣೆಯ ಮೇಲೆ ಕೂತು, ಒಂದೇ ಮಾತು ಹೇಳಿದಳು. "ಹೊರಗಿನೋರಿಗೆ ಹನ್ನೊಂದು ಬಂದಿದೆ ಮಾಮ."

"ಹೊಸ ನಿಯಮದ ಪ್ರಕಾರಾನೇ ಮಾಡಿದ್ದಾ?"

"ರಿಜಿಸ್ಟರ್ ನೋಡಿದೆ. ದಿನಾ ಎಂಟು ಹದಿಮೂರು ಅಂತಾನೇ ಇದೆ. ನಾಳೆ ಇನ್ನೊಂದು ಸಲ ಕಳಿಸ್ತಾರಂತೆ, ಅದೇ ಕೊನೆ. ಟೀ ಕಥೆಯೆಲ್ಲ ನಾನೇ ನಿಮ್ಮ ಕೈಲಿ ಹೇಳಿಸಿದ್ದು ಅಂತ ಮೇಲಿನೋರು ಆಡ್ಕೊಳ್ತಿದಾರೆ."

ಮರುದಿನ ಮಾಮ ಗೇಟಿನಲ್ಲಿ ಸಂದರ್ಶಕರ ಚೀಟಿ ಬರೆಸಿಕೊಂಡು, ಎಂಟಕ್ಕೆ ಹತ್ತು ನಿಮಿಷವಿರುವಾಗ ತಮ್ಮ ಹಳೆಯ ಕೋಣೆಯ ಮೂಲೆಯಲ್ಲಿ ನಿಂತರು. ಅವರ ಜಾಗಕ್ಕೆ ಸ್ಟೋರಿನಿಂದ ವರ್ಗವಾಗಿ ಬಂದವನು ನಲವತ್ತರ ಆಸುಪಾಸಿನ ಚುರುಕು ಆಸಾಮಿ. ಎಂಟಕ್ಕೆ ಬಟ್ಟಲು ಹೊರಬಂತು. ಎಂಟು ಒಂದಕ್ಕೆ ಜಾಡಿಯ ಮುಚ್ಚಳ ಬಿತ್ತು. ಬೋಗುಣಿ ಕಪಾಟಿನ ಮೇಲೆ ಬೋರಲಾಗಿತ್ತು. ಅವನು ಸ್ಟೂಲಿನ ಮೇಲೆ ಕೂತು, ರಿಜಿಸ್ಟರ್ ಬಿಡಿಸಿ, ಮುತ್ತಿನಂಥ ಅಕ್ಷರದಲ್ಲಿ "ಎಂಟು ಗಂಟೆ ಹದಿಮೂರು ನಿಮಿಷ" ಎಂದು ಬರೆದು ಪೆನ್ನಿನ ಮುಚ್ಚಳ ಹಾಕಿದ.

ಮಾಮನ ಮುಖ ಸುಟ್ಟುಹೋಯಿತು. ಸಿಟ್ಟಿನಿಂದಲ್ಲ. ಮೂವತ್ತೊಂದು ವರ್ಷ ತಾನು ಆ ಸ್ಟೂಲಿನ ಮೇಲೆ ಹೇಗೆ ಕಾಣುತ್ತಿದ್ದೆ ಎಂದು ಅವರು ಅಂದೇ ನೋಡಿದ್ದು.

"ಏನಪ್ಪಾ ಅದು ಬರೆದದ್ದು?"

"ಏನು ಮಾಮ, ನಿಮಗೆ ಗೊತ್ತಿಲ್ದೇ ಇರೋದಾ?" ಅವನು ನಕ್ಕ. "ನಂಗೆ ಟೀ ಅಭ್ಯಾಸ ಇಲ್ಲ. ಹದಿಮೂರು ನಿಮಿಷ ಬಟ್ಟಲಿನ ಮುಖ ನೋಡ್ಕೊಂಡು ಯಾರು ಕೂತ್ಕೋತಾರೆ? ಅವರಿಗೆ ಬೇಕಾಗಿರೋದು ಹದಿಮೂರು, ಬರೆದಿದೀನಲ್ಲ."

ಮಾಮ ಅವನಿಗೆ ಎಲ್ಲ ಹೇಳಿದರು; ಹನ್ನೊಂದು, ಹನ್ನೆರಡು, ಹುಡುಗಿಯ ಕೈಗೆ ಬಂದ ಪೆನ್ನು. ಅವನ ನಗು ನಿಂತಿತು. "ನೀವು ಮೇಲೆ ಹೇಳ್ತೀರಾ?" ಅಂದ ಮೆಲ್ಲಗೆ.

"ನಾನು ಹೇಳಿದ್ರೆ ಚಾಡಿ ಆಗುತ್ತೆ. ನೀನು ಹೇಳಿದ್ರೆ ಆ ಮಗೂಗೆ ಡಿಗ್ರಿ ಆಗುತ್ತೆ."

"ನಂಗೆ ಮೆಮೋ ಆಗುತ್ತೆ."

"ಆಗುತ್ತೆ. ನನ್ನ ಹತ್ರ ಒಂದಿದೆ, ಮನೇಲಿಟ್ಟಿದೀನಿ. ಕಚ್ಚಲ್ಲ ಅದು." ಮಾಮ ಬೋಗುಣಿಯನ್ನು ಇಳಿಸಿ ಅವನ ಮುಂದಿಟ್ಟರು. "ಇಷ್ಟು ಹೇಳೋಕೆ ನಂಗೆ ಮೂವತ್ತೊಂದು ವರ್ಷ ಹಿಡೀತು. ನಿಂಗೆ ಮೂರು ವಾರಕ್ಕೇ ಅವಕಾಶ ಸಿಕ್ಕಿದೆ, ಅದೃಷ್ಟವಂತ ನೀನು."

ಅವನು ತಲೆ ಕೆರೆದುಕೊಂಡ. ಆಮೇಲೆ ತಾನು ಬರೆದ ಸಾಲಿನ ಮೇಲೆ ಗೀಟು ಎಳೆದು, ರಿಜಿಸ್ಟರ್ ಎತ್ತಿಕೊಂಡು ಮೆಟ್ಟಿಲು ಹತ್ತಿದ. ಮಾಮ ಹಿಂದೆ ಹೋಗಲಿಲ್ಲ. ಅವನ ಮೇಲೆ ನಂಬಿಕೆ ಇತ್ತು ಎಂದಲ್ಲ, ಮೊಣಕಾಲು ಕೇಳಲಿಲ್ಲ.

ಒಣಗಿದ ಇನ್ನೊಂದು ಬಟ್ಟಲು ಎರಡನೇ ಓವನ್‌ನಲ್ಲಿತ್ತು. ಅದು, ಅವನ ಮಾತು ಕೇಳಿ ಮೇಲಿನಿಂದ ಇಳಿದು ಬಂದ ಮೂರು ಜನರ ಕಣ್ಣೆದುರು, ಬೋಗುಣಿಯ ಪಕ್ಕದಲ್ಲಿ ಹದಿಮೂರು ನಿಮಿಷ ಕೂತಿತು. ಹೊರಗೆ ಕಳಿಸುವ ಮೊದಲು ಅದರಲ್ಲಿ ಒಂದು ಚಿಟಿಕೆ ತೆಗೆದು ಬಾದಾಮಿ ತಾನೇ ಮಾಡಿ ನೋಡಿದಳು. ಮಾಮ ಹೊರಡಲೆಂದು ಗೇಟಿನ ಹತ್ತಿರ ಬಂದಿದ್ದಾಗ ಮೇಲಿನ ಕಿಟಕಿ ತೆರೆದುಕೊಂಡು ಆ ವಾಸನೆ ಅಂಗಳಕ್ಕೆ ಇಳಿಯಿತು. ಅವರು ಅಲ್ಲೇ ನಿಂತು ಎರಡು ಸಲ ಉಸಿರೆಳೆದುಕೊಂಡರು.

ಕಾವಲುಗಾರ ಪುಸ್ತಕ ಮುಂದೆ ತಳ್ಳಿದ. ಹೊರಟ ವೇಳೆ ಬರೆಯಬೇಕಿತ್ತು.

"ಹನ್ನೆರಡು ಅಂತ ಹಾಕಿಬಿಡಿ ಸಾರ್. ಎಲ್ಲರೂ ಹಾಗೇ ಹಾಕೋದು."

ಮಾಮ ತಲೆಯೆತ್ತಿ ಗಡಿಯಾರ ನೋಡಿ, ಹನ್ನೊಂದು ಗಂಟೆ ನಲವತ್ತೇಳು ನಿಮಿಷ ಎಂದು ಬರೆದರು.